ಬಯಲಲ್ಲಿ ಸಿನಿಮಾ: ಚಿತ್ರ ಬಾರದಿದ್ದರೆ, ಮಾತು ಕೇಳದಿದ್ದರೆ ದೋಷ ಹುಡುಕುವ ಬಗೆ

ಅಪಾರ್ಟ್‌ಮೆಂಟಿನ ತಾರಸಿ, ಶಾಲೆಯ ಮೈದಾನ, ಗಣಪತಿ ಪೆಂಡಾಲಿನ ಮುಂದಿನ ಖಾಲಿ ಜಾಗ, ಎಲ್ಲಿ ಸಿನಿಮಾ ಹಾಕಿದರೂ ಕೈಕೊಡುವುದು ಬಹುತೇಕ ಪ್ರೊಜೆಕ್ಟರ್ ಅಲ್ಲ. ಅದಕ್ಕೆ ಕರೆಂಟ್ ತರುವ ವೈರ್, ಚಿತ್ರ ತರುವ ಕೇಬಲ್, ಸೌಂಡಿನ ಪಿನ್, ಇಲ್ಲವೇ ಪಕ್ಕದ ಬೀದಿದೀಪ. ಆದರೂ ಜನ ಬಂದು ಕೂತ ಮೇಲೆ ಎಲ್ಲರ ಕೈಯೂ ಮೊದಲು ಹೋಗುವುದು ಪ್ರೊಜೆಕ್ಟರಿನ ಸೆಟ್ಟಿಂಗ್ಸಿಗೇ. ಒಬ್ಬರು ರಿಮೋಟ್ ಒತ್ತುತ್ತಾರೆ, ಇನ್ನೊಬ್ಬರು ಲ್ಯಾಪ್‌ಟಾಪ್ ರೀಸ್ಟಾರ್ಟ್ ಮಾಡುತ್ತಾರೆ, ಮತ್ತೊಬ್ಬರು ಪ್ಲಗ್ ಕಿತ್ತು ಹಾಕುತ್ತಾರೆ. ಕೊನೆಗೆ ಇದ್ದ ಒಂದು ದೋಷದ ಜೊತೆಗೆ ಹೊಸದಾಗಿ ಎರಡು ಸೇರಿಕೊಂಡಿರುತ್ತವೆ.

ಹಾಗಾಗಿ ಕೈ ಹಾಕುವವರು ಒಬ್ಬರೇ ಇರಲಿ. ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಬದಲಿಸಿದ್ದರಿಂದ ಫಲ ಸಿಗದಿದ್ದರೆ ಅದನ್ನು ಮೊದಲಿದ್ದಂತೆ ಇಟ್ಟು ಮುಂದಕ್ಕೆ ಹೋಗಿ. ಜೊತೆಗೆ ಒಂದು ಸಣ್ಣ ಡಬ್ಬಿಯಲ್ಲಿ ಮಲ್ಟಿಮೀಟರ್, ಸರಿಯಿದೆ ಎಂದು ಖಾತ್ರಿಯಿರುವ ಒಂದೂವರೆ ಮೀಟರಿನ ಎಚ್‌ಡಿಎಂಐ ಕೇಬಲ್, ಒಂದು ಹೆಡ್‌ಫೋನ್, ಹೆಚ್ಚುವರಿ ಆಡಿಯೋ ಕೇಬಲ್, ಟೇಪು, ಟಾರ್ಚು ಇರಲಿ. ಮುಂದೆ ಹೇಳುವ ಹುಡುಕಾಟಕ್ಕೆಲ್ಲ ಇಷ್ಟು ಸಾಕು.

ಮೊದಲು ಮೆನು ಬಟನ್

ಪ್ರೊಜೆಕ್ಟರಿನ ಮೆನು ಬಟನ್ ಒತ್ತಿ. ಮೆನುವಿನ ಅಕ್ಷರಗಳು ಪರದೆಯ ಮೇಲೆ ಸ್ಪಷ್ಟವಾಗಿ, ಅಲುಗದೆ ಕಂಡರೆ ದೀಪ, ಲೆನ್ಸ್, ಒಳಗೆ ಬರುತ್ತಿರುವ ಕರೆಂಟ್ ಮೂರೂ ನೆಟ್ಟಗಿವೆ. ದೋಷ ಅದಕ್ಕಿಂತ ಹಿಂದೆ, ಕೇಬಲ್ಲಿನಲ್ಲೋ ಲ್ಯಾಪ್‌ಟಾಪಿನಲ್ಲೋ ಇದೆ. ಮೆನುವೇ ಮಸುಕಾಗಿದ್ದರೆ, ಓರೆಯಾಗಿದ್ದರೆ, ಹಳದಿಗೆ ತಿರುಗಿದ್ದರೆ ಕೇಬಲ್ ಬದಲಿಸಿ ಪ್ರಯೋಜನವಿಲ್ಲ. ಪ್ರೊಜೆಕ್ಟರನ್ನೂ ಪರದೆಯನ್ನೂ ನೋಡಿ. ಇಷ್ಟರಲ್ಲೇ ಅರ್ಧ ಹುಡುಕಾಟ ಮುಗಿಯುತ್ತದೆ.

ಧ್ವನಿಗೂ ಇದೇ ದಾರಿ. ಲ್ಯಾಪ್‌ಟಾಪಿಗೆ ನೇರವಾಗಿ ಹೆಡ್‌ಫೋನ್ ಹಾಕಿ ಕೇಳಿ. ಅಲ್ಲಿ ಚೆನ್ನಾಗಿ ಕೇಳಿಸಿದರೆ ಫೈಲು, ಸೆಟ್ಟಿಂಗ್ಸ್ ಸರಿ; ದೋಷ ಕೇಬಲ್ಲಿನಿಂದ ಮುಂದಿದೆ. ಆಮೇಲೆ ಅದೇ ಕೇಬಲ್ಲಿಗೆ ಮೊಬೈಲ್ ಚುಚ್ಚಿ ಒಂದು ಹಾಡು ಹಾಕಿ. ಮೊಬೈಲಿನಿಂದಲೂ ಹಾಗೆಯೇ ಕೆಟ್ಟದಾಗಿ ಬಂದರೆ ಲ್ಯಾಪ್‌ಟಾಪನ್ನು ಬಿಟ್ಟುಬಿಡಿ.

"ನೋ ಸಿಗ್ನಲ್"

ಇನ್‌ಪುಟ್ ಎಚ್‌ಡಿಎಂಐ 1ರಲ್ಲಿದೆಯೋ 2ರಲ್ಲಿದೆಯೋ ನೋಡಿ. ವಿಂಡೋಸ್ ಲ್ಯಾಪ್‌ಟಾಪಿನಲ್ಲಿ ವಿಂಡೋಸ್ ಕೀ ಜೊತೆಗೆ ಪಿ ಒತ್ತಿ "ಡೂಪ್ಲಿಕೇಟ್" ಆಯ್ದುಕೊಳ್ಳಿ. ಆಗಲೂ ಬಾರದಿದ್ದರೆ ಎರಡನ್ನೂ ಆಫ್ ಮಾಡಿ ಮೊದಲು ಪ್ರೊಜೆಕ್ಟರ್, ಅದು ಪೂರ್ತಿ ಎದ್ದ ಮೇಲೆ ಲ್ಯಾಪ್‌ಟಾಪ್ ಆನ್ ಮಾಡಿ. ತಾನು ಯಾವ ರೆಸಲ್ಯೂಶನ್ ತಡೆದುಕೊಳ್ಳಬಲ್ಲೆ ಎಂದು ಪ್ರೊಜೆಕ್ಟರ್ ಹೇಳಿದ ಮೇಲೆಯೇ ಲ್ಯಾಪ್‌ಟಾಪ್ ಚಿತ್ರ ಕಳಿಸುತ್ತದೆ. ಪ್ರೊಜೆಕ್ಟರ್ ನಿದ್ದೆಯಲ್ಲಿದ್ದರೆ ಆ ಮಾತುಕತೆಯೇ ನಡೆಯುವುದಿಲ್ಲ.

ಇದಾದ ಮೇಲೆ ಉದ್ದದ ಕೇಬಲ್ ಬಿಚ್ಚಿ. ಲ್ಯಾಪ್‌ಟಾಪನ್ನೇ ಪ್ರೊಜೆಕ್ಟರಿನ ಪಕ್ಕಕ್ಕೆ ಒಯ್ದು ಒಂದೂವರೆ ಮೀಟರಿನ ಕೇಬಲ್ ಹಾಕಿ. ಚಿತ್ರ ಬಂತೆಂದರೆ ಕಳ್ಳ ಸಿಕ್ಕಿದ. ಸಾಮಾನ್ಯ ತಾಮ್ರದ ಎಚ್‌ಡಿಎಂಐ ಕೇಬಲ್ 1080ಪಿ ಚಿತ್ರವನ್ನು 10 ಮೀಟರಿನವರೆಗೆ ನಂಬಿಕೆಯಿಂದ ಒಯ್ಯುತ್ತದೆ. 15 ಮೀಟರಿಗೆ ಅದೃಷ್ಟದ ಆಟ, 20ಕ್ಕೆ ಬಹುತೇಕ ಇಲ್ಲ. ಪೂರ್ತಿ ಸಾಯುವ ಮುಂಚೆ ಅದು ಸೂಚನೆ ಕೊಡುತ್ತದೆ: ಚಿತ್ರದ ಕಪ್ಪು ಭಾಗದಲ್ಲಿ ಬಿಳಿ ಚುಕ್ಕಿಗಳು ಮಿಣಮಿಣ ಎನ್ನುತ್ತವೆ, ಆಗಾಗ ಎರಡು ಸೆಕೆಂಡು ಪರದೆ ಕಪ್ಪಾಗಿ ಮತ್ತೆ ಬರುತ್ತದೆ. ಆ ಹೊತ್ತಿಗೆ ಲ್ಯಾಪ್‌ಟಾಪಿನ ಔಟ್‌ಪುಟ್ಟನ್ನು 1080ಪಿ 60 ಹರ್ಟ್ಜ್‌ನಿಂದ 720ಪಿಗೆ ಇಳಿಸಿದರೆ ಅನೇಕ ಸಲ ಆ ರಾತ್ರಿ ದಾಟುತ್ತದೆ. ಬಯಲಿನ ಪರದೆಯಲ್ಲಿ ಆ ವ್ಯತ್ಯಾಸ ಹತ್ತಿರ ಕೂತವರಿಗೆ ಮಾತ್ರ ತಿಳಿದೀತು. ಮುಂದಿನ ಸಲಕ್ಕೆ ಆಪ್ಟಿಕಲ್ ಎಚ್‌ಡಿಎಂಐ ಕೇಬಲ್ ತನ್ನಿ, ಇಲ್ಲವೇ ಕ್ಯಾಟ್-6 ನೆಟ್‌ವರ್ಕ್ ವೈರಿನ ಮೇಲೆ ಓಡುವ ಎಕ್ಸ್‌ಟೆಂಡರ್ ಜೋಡಿ ತನ್ನಿ. ಆಪ್ಟಿಕಲ್ ಕೇಬಲ್ಲಿಗೆ ದಿಕ್ಕಿದೆ: "ಸೋರ್ಸ್" ಎಂದು ಬರೆದ ತುದಿ ಲ್ಯಾಪ್‌ಟಾಪಿಗೆ, "ಡಿಸ್‌ಪ್ಲೇ" ಎಂದಿರುವುದು ಪ್ರೊಜೆಕ್ಟರಿಗೆ. ತಿರುಗುಮುರುಗು ಹಾಕಿದರೆ ಏನೂ ಬರುವುದಿಲ್ಲ. ಇಪ್ಪತ್ತು ಮೀಟರ್ ಎಳೆದು, ಟೇಪು ಅಂಟಿಸಿ, ಚಾಪೆ ಹಾಸಿದ ಮೇಲೆ ಇದು ಗೊತ್ತಾದರೆ ಏನಾಗುತ್ತದೆಂದು ಬಿಡಿಸಿ ಹೇಳಬೇಕಿಲ್ಲ.

ಮೊಬೈಲಿನ ಟೈಪ್-ಸಿ ತೂತಿಗೆ ಎಚ್‌ಡಿಎಂಐ ಅಡಾಪ್ಟರ್ ಹಾಕಿದ್ದೀರಾ? ಕಡಿಮೆ ಬೆಲೆಯ ಬಹಳಷ್ಟು ಫೋನುಗಳು ಆ ತೂತಿನಿಂದ ಚಿತ್ರವನ್ನು ಹೊರಗೆ ಕಳಿಸುವುದೇ ಇಲ್ಲ. ಅಡಾಪ್ಟರ್ ಎಷ್ಟು ಬದಲಿಸಿದರೂ ಅಷ್ಟೆ. ಫೋನಿನ ಸ್ಕ್ರೀನ್ ಮಿರರ್ ಮಾಡಿದಾಗ ಉಳಿದದ್ದೆಲ್ಲ ಕಂಡು, ಓಟಿಟಿ ಆ್ಯಪ್ ತೆರೆದೊಡನೆ ಕಪ್ಪಾಗಿ ಧ್ವನಿ ಮಾತ್ರ ಬಂದರೆ ಅದು ದೋಷವಲ್ಲ, ನಕಲು ತಡೆಯಲು ಆ್ಯಪ್ ಬೇಕೆಂದೇ ಮಾಡಿದ ಬಂದೋಬಸ್ತು. ಅಂದಹಾಗೆ, ಮನೆಯ ಓಟಿಟಿ ಚಂದಾ ಮನೆಮಂದಿಗಷ್ಟೆ. ಊರವರನ್ನೆಲ್ಲ ಕರೆದು ತೋರಿಸಲು ಚಿತ್ರದ ಹಕ್ಕುದಾರರ ಅನುಮತಿ ಬೇಕು. ಅದನ್ನು ಪಡೆಯುವಾಗಲೇ ಫೈಲನ್ನೂ ಕೇಳಿ ಪಡೆದರೆ ಈ ರಗಳೆಯೇ ಇರುವುದಿಲ್ಲ.

ಪೆನ್ ಡ್ರೈವನ್ನು ನೇರ ಪ್ರೊಜೆಕ್ಟರಿಗೆ ಚುಚ್ಚುವವರಿಗೆ ಬೇರೆಯೇ ಕಾಟ. ಚಿತ್ರ ಬರುತ್ತದೆ, ಧ್ವನಿ ಇಲ್ಲ: ಫೈಲಿನಲ್ಲಿರುವ ಡಾಲ್ಬಿ ಅಥವಾ ಡಿಟಿಎಸ್ ಧ್ವನಿಯನ್ನು ಓದುವ ಲೈಸೆನ್ಸ್ ಅಗ್ಗದ ಪ್ರೊಜೆಕ್ಟರಿನ ಪ್ಲೇಯರಿಗೆ ಇರುವುದಿಲ್ಲ. ಧ್ವನಿ ಬರುತ್ತದೆ, ಚಿತ್ರ ಇಲ್ಲ: ಎಚ್‌ಇವಿಸಿ ಎಂಬ ಬಗೆಯಲ್ಲಿ ಕುಗ್ಗಿಸಿದ ಫೈಲು ಅದಕ್ಕೆ ಅರ್ಥವಾಗಿಲ್ಲ. ಕನ್ನಡ ಸಬ್‌ಟೈಟಲ್ ಜಾಗದಲ್ಲಿ ಬರೀ ಚೌಕಗಳು ಬಂದರೆ ಅದರಲ್ಲಿ ಕನ್ನಡ ಫಾಂಟ್ ಇಲ್ಲ. ಅಕ್ಷರ ಇದ್ದೂ ಒತ್ತಕ್ಷರಗಳು ಬಿಡಿಬಿಡಿಯಾಗಿ ಕೂತರೆ ಫಾಂಟ್ ಇದೆ, ಅದನ್ನು ಕೂಡಿಸುವ ಬುದ್ಧಿ ಇಲ್ಲ. ಎಲ್ಲಕ್ಕೂ ಮದ್ದು ಒಂದೇ: ಲ್ಯಾಪ್‌ಟಾಪಿನಲ್ಲಿ ವಿಎಲ್‌ಸಿ ಎಂಬ ಪ್ಲೇಯರ್ ಹಾಕಿ ಅಲ್ಲಿಂದ ಓಡಿಸಿ, ಸಬ್‌ಟೈಟಲ್ ಫೈಲನ್ನು ಯುಟಿಎಫ್-8ರಲ್ಲಿ ಉಳಿಸಿ.

ಚಿತ್ರ ಇದೆ, ಆದರೆ ಪೇಲವ

ಇಲ್ಲಿ ಲೆಕ್ಕ ಮಾಡಲೇಬೇಕು. 120 ಇಂಚಿನ ಪರದೆಯ ವಿಸ್ತೀರ್ಣ ಸುಮಾರು 4 ಚದರ ಮೀಟರ್. 200 ಇಂಚಿನದು 11. ಬೆಳಕು ಅಷ್ಟೇ, ಹರಡುವ ಜಾಗ ಮಾತ್ರ ಹೆಚ್ಚಾಯಿತು. ಡಬ್ಬದ ಮೇಲೆ 3000 ಆನ್ಸಿ ಲ್ಯೂಮೆನ್ (ಪ್ರೊಜೆಕ್ಟರ್ ಹೊರಡಿಸುವ ಒಟ್ಟು ಬೆಳಕಿನ ಅಳತೆ) ಎಂದಿರುವ ಪ್ರೊಜೆಕ್ಟರ್, ಸ್ವಲ್ಪ ಹಳೆಯದಾಗಿ, ಬಣ್ಣ ಸರಿಯಿರುವ ಮೋಡಿನಲ್ಲಿ 2000 ಕೊಟ್ಟರೆ ಒಳ್ಳೆಯದೇ. 11 ಚದರ ಮೀಟರಿಗೆ ಭಾಗಿಸಿದರೆ 180 ಲಕ್ಸ್, ಅಂದರೆ ಒಂದು ಚದರ ಮೀಟರಿಗೆ ಬೀಳುವ ಬೆಳಕು. ಚಿತ್ರಮಂದಿರದ ಪರದೆಗೂ ಹೆಚ್ಚುಕಡಿಮೆ 150 ಲಕ್ಸ್ ಸಾಕಾಗುತ್ತದೆ, ಆದ್ದರಿಂದ ಇದು ಚೆನ್ನಾಗಿಯೇ ಕಾಣಬೇಕು.

ಕಾಣುತ್ತಿಲ್ಲವೆಂದರೆ ಪರದೆಯ ಮೇಲೆ ಬೇರೆ ಬೆಳಕು ಬೀಳುತ್ತಿದೆ. ಪ್ರೊಜೆಕ್ಟರಿನ ಲೆನ್ಸಿಗೆ ರಟ್ಟು ಹಿಡಿದು ಪರದೆ ನೋಡಿ. ಪರದೆ ಕಪ್ಪಾಗದೆ ಬೂದುಬಣ್ಣಕ್ಕೆ ಕಂಡರೆ, ನಿಮ್ಮ ಸಿನಿಮಾದಲ್ಲಿ ಕಪ್ಪು ಎಂದರೆ ಅದೇ ಬೂದು. ಬೀದಿದೀಪದಿಂದ 10 ಲಕ್ಸ್ ಬಿದ್ದರೂ ಕಾಂಟ್ರಾಸ್ಟ್ ಹದಿನೈದು ಇಪ್ಪತ್ತು ಪಟ್ಟಿಗೆ ಕುಸಿಯುತ್ತದೆ. ರಾತ್ರಿಯ ದೃಶ್ಯಗಳೆಲ್ಲ ಮಾಯ. ಬ್ರೈಟ್‌ನೆಸ್ ಏರಿಸಿದರೆ ಇನ್ನಷ್ಟು ಹಾಳು, ಏಕೆಂದರೆ ಆ ಬಟನ್ ಏರಿಸುವುದೇ ಕಪ್ಪನ್ನು. ಪರದೆಯ ಬೆನ್ನು ಬೀದಿದೀಪದ ಕಡೆಗಿರುವಂತೆ ತಿರುಗಿಸಿ, ಅಥವಾ ದೀಪಕ್ಕೂ ಪರದೆಗೂ ನಡುವೆ ಶಾಮಿಯಾನದ ಒಂದು ಸೈಡ್ ಪರದೆ ಇಳಿಬಿಡಿ. ಹುಣ್ಣಿಮೆಯ ಬಗ್ಗೆ ತಲೆಕೆಡಿಸಿಕೊಳ್ಳಬೇಡಿ, ಬೆಳದಿಂಗಳು ಒಂದು ಲಕ್ಸಿನ ಮೂರನೇ ಒಂದು ಭಾಗವನ್ನೂ ದಾಟುವುದಿಲ್ಲ. ದಾರಿಗೆಂದು ಹಾಕಿದ ಎಲ್‌ಇಡಿ ಸರವೇ ಅದಕ್ಕಿಂತ ದೊಡ್ಡ ಶತ್ರು.

ಆತುರದಿಂದ ಶುರುಮಾಡಿದಾಗಲೂ ಚಿತ್ರ ಪೇಲವವೇ. ಬೆಂಗಳೂರಿನಲ್ಲಿ ನವೆಂಬರ್ ಕೊನೆಗೆ ಸೂರ್ಯ ಮುಳುಗುವುದು 5:50ರ ಸುಮಾರಿಗೆ, ಜುಲೈ ಮೊದಲ ವಾರದಲ್ಲಿ 6:50ಕ್ಕೆ. ಮಂಗಳೂರಿನಲ್ಲಿ ಇನ್ನೂ ಹತ್ತು ನಿಮಿಷ ತಡ. ಮುಳುಗಿದ ಮೇಲೆ ನಲವತ್ತು ನಿಮಿಷವಾದರೂ ಬಿಡಿ. ಇನ್ನೊಂದು ತುದಿಯಲ್ಲಿ ಕಾನೂನು ಕಾದಿದೆ: 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ಧ್ವನಿವರ್ಧಕಕ್ಕೆ ಲಿಖಿತ ಅನುಮತಿ ಬೇಕು, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಹಾಕುವಂತಿಲ್ಲ. ಜುಲೈನಲ್ಲಿ ಏಳೂವರೆಗೆ ಶುರುವಾಗುವ ಎರಡು ಮುಕ್ಕಾಲು ಗಂಟೆಯ ಚಿತ್ರ ಈ ಲೆಕ್ಕಕ್ಕೆ ಕೂರುವುದಿಲ್ಲ. ಚಿತ್ರ ಆರಿಸುವಾಗಲೇ ನೋಡಿಕೊಳ್ಳಿ.

ಬೆಳಕಿನ ಕಾಟ ಇಲ್ಲದೆಯೂ ಮಂಕಾಗಿದ್ದರೆ ಇಕೋ ಮೋಡ್ ತೆಗೆಯಿರಿ, ದೀಪ ಎಷ್ಟು ಗಂಟೆ ಉರಿದಿದೆ ಎಂದು ಮೆನುವಿನಲ್ಲಿ ನೋಡಿ. ಆನ್‌ಲೈನಿನಲ್ಲಿ "9000 ಲ್ಯೂಮೆನ್" ಎಂದು ಆರೇಳು ಸಾವಿರಕ್ಕೆ ಬರುವ ಪುಟ್ಟ ಎಲ್‌ಇಡಿ ಪ್ರೊಜೆಕ್ಟರುಗಳಿಗೆ ಈ ಯಾವ ಉಪಾಯವೂ ನಾಟುವುದಿಲ್ಲ. ಅವುಗಳ ನಿಜವಾದ ಆನ್ಸಿ ಲೆಕ್ಕ ಕೆಲವು ನೂರರಲ್ಲೇ ಮುಗಿಯುತ್ತದೆ. ಚಿತ್ರವನ್ನು 80 ಇಂಚಿಗೆ ಇಳಿಸಿ, ಜನರನ್ನು ಹತ್ತಿರ ಕೂರಿಸಿ.

ಒಂದು ಕಡೆ ಫೋಕಸ್, ಒಂದು ಕಡೆ ಮಸುಕು

ಪ್ರೊಜೆಕ್ಟರ್ ಪರದೆಗೆ ನೇರವಾಗಿಲ್ಲ. ಎಡ ಬಲ ವ್ಯತ್ಯಾಸವಿದ್ದರೆ ಮೇಜನ್ನು ಪಕ್ಕಕ್ಕೆ ಸರಿಸಿ. ಮೇಲೆ ಕೆಳಗೆ ವ್ಯತ್ಯಾಸವಿದ್ದರೆ ಮೇಜು ಎತ್ತರಿಸಿ, ಅಥವಾ ಪರದೆಯ ಬುಡವನ್ನು ಸ್ವಲ್ಪ ಹಿಂದಕ್ಕೆ ಕಟ್ಟಿ. ಓರೆಯಾದ ಚಿತ್ರವನ್ನು ಚೌಕ ಮಾಡುವ ಕೀಸ್ಟೋನ್ ಸೆಟ್ಟಿಂಗ್ ಆಕಾರವನ್ನು ಮಾತ್ರ ತಿದ್ದುತ್ತದೆ, ಫೋಕಸನ್ನಲ್ಲ. ಅದೂ ಪಿಕ್ಸೆಲ್ ಕತ್ತರಿಸಿ ತಿದ್ದುವುದು. ಅದನ್ನು ಸೊನ್ನೆಗೆ ಇಟ್ಟು, ಮೇಜನ್ನು ಸರಿಮಾಡಿ, ಉಳಿದ ಚೂರುಪಾರಿಗೆ ಮಾತ್ರ ಬಳಸಿ. ದೂರದ ಲೆಕ್ಕ ಸುಲಭ: ಥ್ರೋ ರೇಶಿಯೋ (ಚಿತ್ರದ ಅಗಲದ ಎಷ್ಟು ಪಟ್ಟು ದೂರ ಬೇಕು ಎಂಬ ಸಂಖ್ಯೆ) 1.5 ಇದ್ದರೆ 2.66 ಮೀಟರ್ ಅಗಲದ ಪರದೆಗೆ 4 ಮೀಟರ್ ದೂರ. ಮೊದಲ ಕಾಲು ಗಂಟೆಯಲ್ಲಿ ಲೆನ್ಸ್ ಬಿಸಿಯಾಗಿ ಫೋಕಸ್ ಸ್ವಲ್ಪ ಜಾರುತ್ತದೆ, ಹಾಗಾಗಿ ಕೊನೆಯ ಹೊಂದಾಣಿಕೆ ಅದಾದ ಮೇಲೆ.

ಚಿತ್ರದ ನಡುವೆ ಮಾತ್ರ ಬೆಳಕಿನ ಮಚ್ಚೆ ಕಂಡರೆ ಪರದೆಯ ಫ್ಲೆಕ್ಸ್ ಮಿಂಚುತ್ತಿದೆ. ಅಂಗಡಿಯಲ್ಲಿ ಮ್ಯಾಟ್ ಫ್ಲೆಕ್ಸ್, ಅದರಲ್ಲೂ ಬೆನ್ನು ಕಪ್ಪಿರುವುದು, ಎಂದು ಕೇಳಿ. ಬಿಳಿ ಪಂಚೆ ಅಥವಾ ಬೆಡ್‌ಶೀಟಿನಲ್ಲಿ ಒಳ್ಳೆಯ ಪಾಲು ಬೆಳಕು ಹಿಂದಕ್ಕೆ ತೂರಿಹೋಗುತ್ತದೆ. ಹಿಂದೆ ನಿಂತು ನೋಡಿದರೆ ಸಿನಿಮಾ ಅಲ್ಲೂ ಓಡುತ್ತಿರುತ್ತದೆ. ಎರಡು ಪದರ ಮಾಡಿ, ಅಥವಾ ಹಿಂದೆ ಕಪ್ಪು ಬಟ್ಟೆ ಕಟ್ಟಿ. ಫ್ಲೆಕ್ಸಿನ ಮಡಿಕೆಯ ಗೆರೆಗಳು ಹೋಗಲು ಮಧ್ಯಾಹ್ನದ ಬಿಸಿಲಿನಲ್ಲಿ ಬಿಗಿದು ಕಟ್ಟಿ ಒಂದು ಗಂಟೆ ಬಿಡಿ.

ಗಾಳಿಗೆ ಚಿತ್ರ ಉಸಿರಾಡುತ್ತಿದ್ದರೆ ಕೆಳಗಿನ ಅಂಚು ಸಡಿಲವಿದೆ. 11 ಚದರ ಮೀಟರಿನ ಫ್ಲೆಕ್ಸ್ ಹಡಗಿನ ಹಾಯಿಯೇ ಸರಿ. ಗಂಟೆಗೆ 36 ಕಿಲೋಮೀಟರ್ ವೇಗದ ಗಾಳಿ ಅದನ್ನು 70 ಕಿಲೋ ತೂಕದಷ್ಟು ಬಲದಿಂದ ದೂಡುತ್ತದೆ. ಬರೀ ಹಗ್ಗ ಬಿಗಿದರೆ ಫ್ಲೆಕ್ಸಿನ ಅಂಚಿನ ಕಣ್ಣು, ಅಂದರೆ ಹಗ್ಗ ಪೋಣಿಸುವ ತೂತು, ಹರಿಯುತ್ತದೆ. ಹಳೆಯ ಸೈಕಲ್ ಟ್ಯೂಬನ್ನು ಬೆರಳಗಲದ ಉಂಗುರಗಳಾಗಿ ಕತ್ತರಿಸಿ, ಪ್ರತಿ ಕಣ್ಣಿಗೂ ಹಗ್ಗಕ್ಕೂ ನಡುವೆ ಒಂದೊಂದು ಹಾಕಿ. ಗಾಳಿ ಬಂದಾಗ ಟ್ಯೂಬ್ ಎಳೆದುಕೊಂಡು, ಹೋದಾಗ ಪರದೆಯನ್ನು ವಾಪಸ್ ಬಿಗಿಮಾಡುತ್ತದೆ. ಸರ್ವೆ ಕಂಬಗಳಿಗೆ ಮುಂದೆ ಹಿಂದೆ ಎರಡೂ ಕಡೆ ಆಧಾರದ ಹಗ್ಗ ಬೇಕು. ಹಿಂದಕ್ಕೆ ಮಾತ್ರ ಕಟ್ಟಿದ ಪರದೆ ಹಿಂದಿನಿಂದ ಗಾಳಿ ಬೀಸಿದಾಗ ಮುಂದಿನ ಸಾಲಿನ ಮಕ್ಕಳ ಮೇಲೆ ಬೀಳುತ್ತದೆ.

ಕರೆಂಟ್

ಪ್ರೊಜೆಕ್ಟರ್ ಪದೇಪದೇ ರೀಸ್ಟಾರ್ಟ್ ಆಗುತ್ತಿದೆ, ಆಂಪ್ಲಿಫೈಯರಿನ ಸದ್ದು ದಮ್ಮು ಕಟ್ಟಿದಂತಿದೆ ಎಂದರೆ ಎಲ್ಲ ಆನ್ ಇರುವಾಗಲೇ ಕೊನೆಯ ಬೋರ್ಡಿನಲ್ಲಿ ವೋಲ್ಟೇಜ್ ಅಳೆಯಿರಿ. ಖಾಲಿ ಬೋರ್ಡಿನ ಅಳತೆ ಏನನ್ನೂ ಹೇಳುವುದಿಲ್ಲ. 1 ಚದರ ಮಿಲಿಮೀಟರಿನ ತಾಮ್ರದ ವೈರನ್ನು 50 ಮೀಟರ್ ಎಳೆದು 6 ಆಂಪಿಯರ್ ಹರಿಸಿದರೆ ದಾರಿಯಲ್ಲೇ 11 ವೋಲ್ಟ್ ಹೋಗುತ್ತದೆ, 2.5ರ ವೈರಿನಲ್ಲಿ ನಾಲ್ಕೂವರೆ. ಪೇಟೆಯಲ್ಲಿ 230 ಇರುವಾಗ 11 ವೋಲ್ಟ್ ಲೆಕ್ಕಕ್ಕಿಲ್ಲ. ಸಂಜೆ ಹೊತ್ತು ಕಂಬದಲ್ಲೇ 185 ಇರುವ ಕಡೆ ಅದೇ ದೊಡ್ಡ ಪೆಟ್ಟು. ಪ್ರೊಜೆಕ್ಟರ್ ಸಾಮಾನ್ಯವಾಗಿ 100ರಿಂದ 240ರವರೆಗೆ ತಡೆದುಕೊಳ್ಳುತ್ತದೆ, ಟ್ರಾನ್ಸ್‌ಫಾರ್ಮರ್ ಇರುವ ಹಳೆಯ ಆಂಪ್ಲಿಫೈಯರ್ ಸೊರಗುತ್ತದೆ.

ಡ್ರಮ್ಮಿಗೆ ಸುತ್ತಿದ ವೈರನ್ನು ಪೂರ್ತಿ ಬಿಚ್ಚಿಯೇ ಬಳಸಿ, ಸುತ್ತಿದ್ದರೆ ಬಿಸಿಯಾಗಿ ಇನ್ಸುಲೇಶನ್ ಕರಗುತ್ತದೆ. ಬಾಸ್ ಹೊಡೆದಾಗಲೆಲ್ಲ ಬಲ್ಬು ಮಂಕಾದರೆ ಎಲ್ಲೋ ಜಾಯಿಂಟ್ ಲೂಸ್. ಪ್ಲಗ್ಗುಗಳನ್ನು ಮುಟ್ಟಿ ನೋಡಿ, ಬೆಚ್ಚಗಿರುವುದೇ ಅಪರಾಧಿ. ಎಂಸಿಬಿ (ಲೋಡ್ ಹೆಚ್ಚಾದರೆ ತಾನಾಗಿ ಬೀಳುವ ಸ್ವಿಚ್) ಬೀಳುತ್ತಿದ್ದರೆ ಅದೇ ಬೋರ್ಡಿಗೆ ಯಾರು ಏನು ಚುಚ್ಚಿದ್ದಾರೆ ವಿಚಾರಿಸಿ. ಪ್ರೊಜೆಕ್ಟರಿಗೆ 300 ವ್ಯಾಟ್, ಲ್ಯಾಪ್‌ಟಾಪಿಗೆ 90, ಎರಡು ಸ್ಪೀಕರಿಗೆ ಸರಾಸರಿ ಇನ್ನೂರು ಮುನ್ನೂರು. 6 ಆಂಪಿಯರಿನ ಸಾಕೆಟ್ಟಿಗೆ ಇದು ಹಗುರ. ಪಾಪ್‌ಕಾರ್ನ್ ಯಂತ್ರವೋ ಕಾಫಿ ಬಿಸಿಮಾಡುವ ಕೆಟಲ್ಲೋ ಸೇರಿದರೆ ಅಲ್ಲಿಗೆ ಮುಗಿಯಿತು. ಆರ್‌ಸಿಸಿಬಿ (ಕರೆಂಟ್ ನೆಲಕ್ಕೆ ಸೋರಿದರೆ ಬೀಳುವ ಸ್ವಿಚ್) ಬಿದ್ದರೆ ಮಾತ್ರ ಅದನ್ನು ಪಕ್ಕಕ್ಕಿಟ್ಟು ಮುಂದುವರಿಯಬೇಡಿ. ಹಸಿ ಹುಲ್ಲಿನ ಮೇಲೆ ಬಿದ್ದ ಜಾಯಿಂಟ್ ಹುಡುಕಿ, ಅದನ್ನು ಇಟ್ಟಿಗೆಯ ಮೇಲೇರಿಸಿ, ಮಗುಚಿದ ಪ್ಲಾಸ್ಟಿಕ್ ಬುಟ್ಟಿ ಮುಚ್ಚಿ.

ಬಲ್ಬುಗಳು ಇದ್ದಕ್ಕಿದ್ದಂತೆ ಹೆಚ್ಚು ಬೆಳ್ಳಗೆ ಉರಿದರೆ, ಅಥವಾ ಮೀಟರ್ 260 ದಾಟಿದರೆ ತಕ್ಷಣ ಮೇನ್ ಆಫ್ ಮಾಡಿ. ಮೂರು ಫೇಸಿನ ತಾತ್ಕಾಲಿಕ ಲೈನಿನಲ್ಲಿ ನ್ಯೂಟ್ರಲ್ ಕಡಿದಿದೆ; 230ರ ಉಪಕರಣಕ್ಕೆ 400ರ ಹತ್ತಿರ ನುಗ್ಗುತ್ತದೆ. ಪ್ರೊಜೆಕ್ಟರ್ ಸುಟ್ಟಮೇಲೆ ಪತ್ತೆಹಚ್ಚಿ ಏನೂ ಫಲವಿಲ್ಲ. ಎಲೆಕ್ಟ್ರಿಷಿಯನ್ ಬಂದು ನ್ಯೂಟ್ರಲ್ ಸರಿಮಾಡುವವರೆಗೆ ಏನನ್ನೂ ಚುಚ್ಚಬೇಡಿ.

ಕರೆಂಟ್ ಹೋಗಿ ಜನರೇಟರಿಗೆ ಬದಲಾಗುವ ಹತ್ತು ಸೆಕೆಂಡಿಗೆ ದೀಪದ ಪ್ರೊಜೆಕ್ಟರ್ ಆರಿದರೆ, ಆರಿದ ದೀಪ ತಣ್ಣಗಾಗುವವರೆಗೆ ಮತ್ತೆ ಹತ್ತುವುದಿಲ್ಲ. ಫ್ಯಾನೂ ನಿಂತಿರುವುದರಿಂದ ದೀಪದ ಆಯಸ್ಸಿಗೂ ಕತ್ತರಿ. ಪ್ರೊಜೆಕ್ಟರ್ ಮತ್ತು ಲ್ಯಾಪ್‌ಟಾಪ್ ಎರಡಕ್ಕೇ 1 ಕೆವಿಎ ಯುಪಿಎಸ್ ಸಾಕು. ಆಂಪ್ಲಿಫೈಯರನ್ನು ಅದಕ್ಕೆ ಕಟ್ಟಬೇಡಿ. ಲೇಸರ್, ಎಲ್‌ಇಡಿ ಪ್ರೊಜೆಕ್ಟರುಗಳಿಗೆ ತಣ್ಣಗಾಗುವ ಈ ತಾಪತ್ರಯ ಇಲ್ಲ.

ಅರ್ಧ ಸಿನಿಮಾಕ್ಕೆ ತಾನಾಗಿ ಆಫ್

ಕರೆಂಟ್ ಸರಿಯಿದ್ದೂ ಹೀಗಾದರೆ ಸೆಖೆ. ಟೆಂಪರೇಚರ್ ದೀಪ ಕೆಂಪಗಿರುತ್ತದೆ. ಗಾಳಿ ಒಳಹೋಗುವ, ಹೊರಬರುವ ಕಿಂಡಿಗಳ ಮುಂದೆ 30 ಸೆಂಟಿಮೀಟರ್ ಖಾಲಿ ಇದೆಯೇ ನೋಡಿ. ಮೇಜಿನ ಮೇಲೆ ಹಾಸಿದ ಬಟ್ಟೆಯೇ ಕೆಳಗಿನ ಕಿಂಡಿಯನ್ನು ಮುಚ್ಚಿರುವುದು ಬಹಳ ಸಾಮಾನ್ಯ. ಮಳೆಗಾಲದ ಮೊದಲ ಮಳೆಗಳ ನಂತರ ಇನ್ನೊಂದು ಕಾರಣ ಹಾರಿಬರುತ್ತದೆ: ರೆಕ್ಕೆ ಬಂದ ಗೆದ್ದಲು. ರೆಕ್ಕೆಗಳು ಫಿಲ್ಟರಿಗೆ ಹಾಳೆಯಂತೆ ಅಂಟಿಕೊಂಡು ಉಸಿರು ಕಟ್ಟಿಸುತ್ತವೆ. ಸೊಳ್ಳೆಪರದೆ ಸುತ್ತುವುದು ಸರಿಯಲ್ಲ, ಗಾಳಿ ಇನ್ನೂ ಕಡಿಮೆಯಾಗುತ್ತದೆ. ಪ್ರೊಜೆಕ್ಟರಿನಿಂದ 15–20 ಮೀಟರ್ ದೂರ, ಪರದೆಗೆ ಬೆಳಕು ಬೀಳದ ಕಡೆ ಒಂದು ಬಿಳಿ ಟ್ಯೂಬ್‌ಲೈಟ್ ಹಾಕಿ. ಹುಳುಗಳು ಹೆಚ್ಚಾಗಿ ಅತ್ತ ಹೋಗುತ್ತವೆ. ಇಂಟರ್ವಲ್ಲಿನಲ್ಲಿ ಪೇಂಟ್ ಬ್ರಷ್ಷಿನಿಂದ ಕಿಂಡಿ ಗುಡಿಸಿ.

ಹಾಡು ಕೇಳುತ್ತದೆ, ಮಾತು ಕೇಳುವುದಿಲ್ಲ

ಎಲ್ಲರನ್ನೂ ತಲೆಕೆರೆದುಕೊಳ್ಳುವಂತೆ ಮಾಡುವ ದೋಷ ಇದು. ಹಿನ್ನೆಲೆ ಸಂಗೀತ, ಮಳೆ, ಗುಂಪಿನ ಗದ್ದಲ ಎಲ್ಲ ಬಾವಿಯೊಳಗಿಂದ ಬಂದಂತೆ ಕೇಳುತ್ತದೆ, ನಾಯಕನ ಬಾಯಿ ಮಾತ್ರ ಸುಮ್ಮನೆ ಆಡುತ್ತದೆ. ಸೌಂಡಿನವರು ಫೈಲನ್ನು ದೂರುತ್ತಾರೆ, ಫೈಲ್ ತಂದವರು ಸೌಂಡನ್ನು.

ಸಿನಿಮಾದ ಮಾತು ಎಡ, ಬಲ ಎರಡೂ ಚಾನೆಲ್ಲಿನಲ್ಲಿ ಸಮನಾಗಿ ಇರುತ್ತದೆ. ಸಂಗೀತ ಎರಡರಲ್ಲಿ ಬೇರೆಬೇರೆ. ಎಡದಿಂದ ಬಲವನ್ನು ಕಳೆಯುವ ಯಾವುದೇ ಜೋಡಣೆಯಲ್ಲಿ ಸಮನಾಗಿರುವುದು ಸೊನ್ನೆಯಾಗುತ್ತದೆ. ಇದು ಆಗುವುದು ಮುಖ್ಯವಾಗಿ ಎರಡು ಕಡೆ. ಒಂದು, ಲ್ಯಾಪ್‌ಟಾಪಿನ ಸ್ಟೀರಿಯೋ ಪಿನ್ನನ್ನು ಒಂದೇ ಕೇಬಲ್ಲಿನಲ್ಲಿ ಮಿಕ್ಸರಿನ ಮೈಕ್ ತೂತಿಗೆ, ಅಂದರೆ ಮೂರು ಪಿನ್ನಿನ ಎಕ್ಸ್‌ಎಲ್‌ಆರ್ ಅಥವಾ ಬ್ಯಾಲೆನ್ಸ್ಡ್ ಇನ್‌ಪುಟ್ಟಿಗೆ ಹಾಕಿದಾಗ. ಆ ಇನ್‌ಪುಟ್ ಎರಡು ತಂತಿಗಳ ನಡುವಿನ ವ್ಯತ್ಯಾಸವನ್ನು ಮಾತ್ರ ತೆಗೆದುಕೊಳ್ಳುತ್ತದೆ. ಅದರ ಕೆಲಸವೇ ಅದು. ಎರಡು, ಪಿನ್ ಪೂರ್ತಿ ಒಳಗೆ ಕೂರದೆ ಗ್ರೌಂಡ್ ತಪ್ಪಿದಾಗ. ಮೊಬೈಲಿನ ದಪ್ಪ ಕವರು ಪಿನ್ನನ್ನು ಒಂದೆರಡು ಮಿಲಿಮೀಟರ್ ಹೊರಗೇ ತಡೆದಿರುತ್ತದೆ. ಕವರ್ ಬಿಚ್ಚಿ ಒತ್ತಿ, ಚಕ್ ಎಂದು ಕೂತೊಡನೆ ಮಾತು ಬರುತ್ತದೆ.

ಖಾತ್ರಿ ಮಾಡಿಕೊಳ್ಳಲು ಲ್ಯಾಪ್‌ಟಾಪ್ ಅಥವಾ ಫೋನಿನ ಸೆಟ್ಟಿಂಗ್ಸಿನಲ್ಲಿ "ಮೋನೋ ಆಡಿಯೋ" ಆನ್ ಮಾಡಿ. ಈಗ ಎರಡೂ ಚಾನೆಲ್ ಪೂರ್ತಿ ಒಂದೇ. ಸದ್ದು ಸಂಪೂರ್ಣ ಸತ್ತರೆ ದೋಷ ಇದೇ, ಅನುಮಾನ ಬೇಡ. ಅದೇ ಸ್ಥಿತಿಯಲ್ಲಿ ಬ್ಯಾಲೆನ್ಸನ್ನು ಪೂರ್ತಿ ಎಡಕ್ಕೆ ಎಳೆಯಿರಿ. ಕಳೆಯಲು ಬಲಗಡೆ ಏನೂ ಇಲ್ಲದ್ದರಿಂದ ಮಾತು, ಹಾಡು ಎಲ್ಲವೂ ಬರುತ್ತದೆ. ಆ ರಾತ್ರಿಯ ಪ್ರದರ್ಶನಕ್ಕೆ ಇಷ್ಟು ಸಾಕು. ಸರಿಯಾದ ಪರಿಹಾರ, ಒಂದು ತುದಿಯಲ್ಲಿ 3.5 ಮಿಲಿಮೀಟರ್ ಸ್ಟೀರಿಯೋ ಪಿನ್, ಇನ್ನೊಂದು ತುದಿಯಲ್ಲಿ ಎರಡು ಮೋನೋ ಪಿನ್ ಇರುವ ಕೇಬಲ್ ತಂದು ಮಿಕ್ಸರಿನ ಎರಡು ಲೈನ್ ಇನ್‌ಪುಟ್ಟಿಗೆ ಹಾಕುವುದು.

ಹೆಡ್‌ಫೋನಿನಲ್ಲೂ ಮಾತು ಕಡಿಮೆಯಿದ್ದರೆ ಕಾರಣ ಬೇರೆ. 5.1 ಧ್ವನಿಯ ಫೈಲಿನಲ್ಲಿ ಮಾತು ಇರುವುದು ನಡುವಿನ ಸೆಂಟರ್ ಚಾನೆಲ್ಲಿನಲ್ಲಿ. ಲ್ಯಾಪ್‌ಟಾಪ್ ತನಗೆ ಆರು ಸ್ಪೀಕರ್ ಇವೆ ಎಂದುಕೊಂಡು ಅದನ್ನು ಇಲ್ಲದ ಸ್ಪೀಕರಿಗೆ ಕಳಿಸುತ್ತಿರುತ್ತದೆ. ಸೌಂಡ್ ಸೆಟ್ಟಿಂಗ್ಸಿನಲ್ಲಿ ಸ್ಟೀರಿಯೋ ಎಂದು ಬದಲಿಸಿ. ಮಾತು ಸಣ್ಣ, ಹೊಡೆದಾಟ ಕಿವಿಗಡಚಿಕ್ಕುವಷ್ಟು ಜೋರು ಎಂದಾದರೆ ವಿಎಲ್‌ಸಿಯ ಕಂಪ್ರೆಸರ್ ಆನ್ ಮಾಡಿ, ನೆರೆಮನೆಯವರೂ ಹರಸುತ್ತಾರೆ.

ಗುಂಯ್ ಸದ್ದು

ಲ್ಯಾಪ್‌ಟಾಪಿನ ಚಾರ್ಜರ್ ಕೀಳಿ. ಸದ್ದು ನಿಂತರೆ ಅದು ಗ್ರೌಂಡ್ ಲೂಪ್: ಲ್ಯಾಪ್‌ಟಾಪ್ ಒಂದು ಸಾಕೆಟ್ಟಿನ ಅರ್ಥಿಂಗಿಗೂ ಆಂಪ್ಲಿಫೈಯರ್ ಇನ್ನೊಂದು ಕಡೆಯ ಅರ್ಥಿಂಗಿಗೂ ಸೇರಿ, ಎರಡರ ನಡುವಿನ ಚಿಕ್ಕ ವೋಲ್ಟೇಜ್ ಆಡಿಯೋ ಕೇಬಲ್ಲಿನ ಶೀಲ್ಡಿನಲ್ಲಿ ಹರಿಯುತ್ತಿದೆ. ಚಾರ್ಜರ್ ಕಿತ್ತರೂ ಹೋಗದಿದ್ದರೆ ಎಚ್‌ಡಿಎಂಐ ಕೇಬಲ್ ಕಿತ್ತು ನೋಡಿ, ಲೂಪ್ ಪ್ರೊಜೆಕ್ಟರಿನ ಮೂಲಕವೂ ಆಗಬಹುದು. ಎಲ್ಲವನ್ನೂ ಒಂದೇ ಸಾಕೆಟ್ಟಿನಿಂದ ಹೊರಟ ಬೋರ್ಡುಗಳಿಗೆ ಹಾಕಿದರೆ ಬಹುಪಾಲು ಸಲ ಕಡಿಮೆಯಾಗುತ್ತದೆ. ಉಳಿದರೆ ಆಡಿಯೋ ದಾರಿಯಲ್ಲಿ, ಗ್ರೌಂಡಿನ ಸಂಪರ್ಕ ಕಡಿದು ಸದ್ದನ್ನು ಮಾತ್ರ ದಾಟಿಸುವ ಗ್ರೌಂಡ್ ಲೂಪ್ ಐಸೊಲೇಟರ್ ಅಥವಾ ಡಿಐ ಬಾಕ್ಸ್ ಹಾಕಿ. ಪ್ಲಗ್ಗಿನ ದಪ್ಪ ಅರ್ಥ್ ಪಿನ್ ಮುರಿದು ಗುಂಯ್ ನಿಲ್ಲಿಸುವ ಒಂದು ರೂಢಿ ಇದೆ. ಹಾಗೆ ಮಾಡಿದರೆ ಗುಂಯ್ ನಿಲ್ಲುತ್ತದೆ ನಿಜ, ಆದರೆ ಒದ್ದೆ ನೆಲದ ಮೇಲೆ ನಿಂತು ಮೈಕ್ ಹಿಡಿದವರಿಗೆ ಶಾಕ್ ತಡೆಯುವುದು ಅದೊಂದೇ ಪಿನ್.

ತುಟಿ ಮೊದಲು, ಮಾತು ಆಮೇಲೆ

ಬ್ಲೂಟೂತ್ ಸ್ಪೀಕರಿನಲ್ಲಿ ಧ್ವನಿ 150ರಿಂದ 300 ಮಿಲಿಸೆಕೆಂಡ್ ತಡವಾಗಿ ಬರುವುದು ಸಾಮಾನ್ಯ. ವೈರ್ ಹಾಕಿ. ಆಗದಿದ್ದರೆ ವಿಎಲ್‌ಸಿಯಲ್ಲಿ ಜೆ ಕೀ ಒತ್ತಿದಷ್ಟು ಸಲ ಧ್ವನಿ 50 ಮಿಲಿಸೆಕೆಂಡ್ ಮುಂಚೆ ಬರುತ್ತದೆ, ಕೆ ಒತ್ತಿದರೆ ತಡವಾಗುತ್ತದೆ. ಯಾರಾದರೂ ಹತ್ತಿರದಿಂದ ಮಾತಾಡುವ ದೃಶ್ಯ ಹಾಕಿಕೊಂಡು, ಸ್ಪೀಕರಿನಿಂದ ಹತ್ತು ಮೀಟರ್ ದೂರ ನಿಂತು ಹೊಂದಿಸಿ. ಸದ್ದು ಗಾಳಿಯಲ್ಲಿ ಮೀಟರಿಗೆ ಸುಮಾರು 3 ಮಿಲಿಸೆಕೆಂಡ್ ತೆಗೆದುಕೊಳ್ಳುವುದರಿಂದ 30 ಮೀಟರ್ ಹಿಂದೆ ಕೂತವರಿಗೆ ಸ್ವಲ್ಪ ತಡ ಇದ್ದೇ ಇರುತ್ತದೆ.

ಹಿಂದೆ ಕೂತವರಿಗೆ ಕೇಳುವುದಿಲ್ಲ

ಬಯಲಿನಲ್ಲಿ ಗೋಡೆಗಳ ಸಹಾಯವಿಲ್ಲ, ದೂರ ಎರಡು ಪಟ್ಟಾದಾಗಲೆಲ್ಲ 6 ಡೆಸಿಬಲ್ ಇಳಿಯುತ್ತದೆ. 3 ಮೀಟರಿನಲ್ಲಿ ಕೂತವರಿಗೂ 24 ಮೀಟರಿನಲ್ಲಿ ಕೂತವರಿಗೂ 18 ಡೆಸಿಬಲ್ ವ್ಯತ್ಯಾಸ. ವಾಲ್ಯೂಮ್ ಏರಿಸಿದರೆ ಮುಂದಿನವರು ಕಿವಿ ಮುಚ್ಚಿಕೊಳ್ಳುತ್ತಾರೆ. ಸ್ಪೀಕರನ್ನು ಸ್ಟ್ಯಾಂಡಿನಲ್ಲಿ ಎರಡೂವರೆ ಮೀಟರಿಗೆ ಏರಿಸಿ, ಮೂತಿಯನ್ನು ಕೊನೆಯ ಸಾಲಿನ ಕಡೆಗೆ ಮಾಡಿ; ಮುಂದಿನವರ ತಲೆಯ ಮೇಲಿಂದ ಸದ್ದು ಹೋಗುತ್ತದೆ. ನಡುವೆ ಇನ್ನೊಂದು ಜೋಡಿ ಇಡುವ ಆಸೆಯಾದರೆ ಮಿಕ್ಸರಿನಲ್ಲಿ ಡಿಲೇ ಇದೆಯೇ ನೋಡಿ. 15 ಮೀಟರ್ ಹಿಂದಿನ ಜೋಡಿಗೆ 44 ಮಿಲಿಸೆಕೆಂಡ್ ತಡ ಕೊಡದಿದ್ದರೆ ಪ್ರತಿ ಮಾತೂ ಎರಡೆರಡು ಸಲ ಕೇಳುತ್ತದೆ.

ಎರಡು ಬಾಕ್ಸಿನ ನಡುವೆ ನಿಂತಾಗ ಬಾಸೇ ಇಲ್ಲ, ಒಂದರ ಪಕ್ಕ ಹೋದರೆ ಇದೆ ಎಂದಾದರೆ ಒಂದರ ಪ್ಲಸ್ ಮೈನಸ್ ಅದಲುಬದಲಾಗಿದೆ. ಒಂದೇ ಬಾಕ್ಸಿನ ವೈರ್ ತಿರುಗಿಸಿ.

ಬಾಡಿಗೆಗೆ ತಂದ ಹಾರ್ನ್ ಸ್ಪೀಕರುಗಳಲ್ಲಿ ಇನ್ನೊಂದು ಎಡವಟ್ಟು. ಆಂಪ್ಲಿಫೈಯರಿನ ಹಿಂದೆ 4, 8, 16 ಓಮ್, 70 ವೋಲ್ಟ್, 100 ವೋಲ್ಟ್ ಎಂಬ ತಿರುಪುಗಳಿರುತ್ತವೆ. 70 ಅಥವಾ 100 ವೋಲ್ಟ್ ಲೈನಿಗೆ ಹೊಂದಿಸುವ ಎಲ್‌ಎಂಟಿ ಟ್ರಾನ್ಸ್‌ಫಾರ್ಮರ್ ಇರುವ ಹಾರ್ನನ್ನು 8 ಓಮಿಗೆ ಹಾಕಿದರೆ ಸದ್ದು ಪಿಸುಗುಟ್ಟುತ್ತದೆ. ಟ್ರಾನ್ಸ್‌ಫಾರ್ಮರ್ ಇಲ್ಲದ 8 ಓಮಿನ ಬಾಕ್ಸನ್ನು 100 ವೋಲ್ಟಿಗೆ ಹಾಕಿದರೆ ಸ್ಪೀಕರಿನ ಕಾಯಿಲ್ ಸುಡುತ್ತದೆ, ಕೆಲವೊಮ್ಮೆ ಆಂಪ್ಲಿಫೈಯರೂ ಹೋಗುತ್ತದೆ. 100 ವೋಲ್ಟ್ ಲೈನಿನಲ್ಲಿ ಎಲ್ಲ ಹಾರ್ನುಗಳ ವ್ಯಾಟ್ ಕೂಡಿಸಿ. 30 ವ್ಯಾಟಿನ ಎಂಟು ಹಾರ್ನಿಗೆ 240 ಆಯಿತು, 160 ವ್ಯಾಟಿನ ಆಂಪ್ಲಿಫೈಯರ್ ಕರಕರ ಎನ್ನದೆ ಬೇರೆ ದಾರಿಯಿಲ್ಲ. ಹಾರ್ನು ಮಾತಿಗೆ ಚೆನ್ನ, ಸಂಗೀತಕ್ಕೆ ಅಲ್ಲ. ಅದು ಬಾಸ್ ಕೊಡಲಿಲ್ಲವೆಂದು ದೋಷ ಹುಡುಕುತ್ತ ಕೂರಬೇಡಿ.

ಮಂಜು, ಮಳೆ

ಏಸಿ ಕೋಣೆಯಿಂದ ಕರಾವಳಿಯ ಸೆಖೆಗೆ ತಂದ ಪ್ರೊಜೆಕ್ಟರಿನ ಲೆನ್ಸ್ ಬೆವರುತ್ತದೆ, ಒಳಗೂ ಹನಿ ಕಟ್ಟುತ್ತದೆ. ಅರ್ಧ ಗಂಟೆ ಹೊರಗಿಟ್ಟು ಆಮೇಲೆ ಆನ್ ಮಾಡಿ. ಡಿಸೆಂಬರ್, ಜನವರಿಯಲ್ಲಿ ಒಂಬತ್ತು ಗಂಟೆಯ ಹೊತ್ತಿಗೆ ಚಿತ್ರ ನಿಧಾನವಾಗಿ ಹಾಲು ಬೆರೆತಂತೆ ಆದರೆ ಲೆನ್ಸಿನ ಮುಂಭಾಗಕ್ಕೆ ಇಬ್ಬನಿ ಕೂತಿದೆ. ಕನ್ನಡಕ ಒರೆಸುವ ಬಟ್ಟೆಯಿಂದ ಮೆಲ್ಲಗೆ ಒರೆಸಿ, ಮೇಲೊಂದು ಕೊಡೆ ಬಿಚ್ಚಿಡಿ.

ಹನಿ ಬಿದ್ದರೆ ಆಂಪ್ಲಿಫೈಯರ್ ವಾಲ್ಯೂಮ್ ಇಳಿಸಿ, ಪ್ರೊಜೆಕ್ಟರನ್ನು ಅದರ ಬಟನ್ನಿನಲ್ಲೇ ಆಫ್ ಮಾಡಿ, ಕೊಡೆ ಹಿಡಿದು ಫ್ಯಾನ್ ನಿಲ್ಲುವವರೆಗೆ ಕಾಯಿರಿ, ಆಮೇಲೆ ಮೇನ್. ಬಿಸಿ ಪ್ರೊಜೆಕ್ಟರಿನ ಮೇಲೆ ನೇರ ಪ್ಲಾಸ್ಟಿಕ್ ಮುಚ್ಚಿದರೆ ಮಳೆ ಮಾಡದ ಹಾನಿಯನ್ನು ಸೆಖೆ ಮಾಡುತ್ತದೆ. ನೆನೆದ ವೈರುಗಳನ್ನು ಹಾಗೆಯೇ ಸುತ್ತಿಡದೆ ಮರುದಿನ ನೆರಳಿನಲ್ಲಿ ಹರಡಿ ಒಣಗಿಸಿ, ಪ್ಲಗ್ಗಿನ ಪಿನ್ನುಗಳಿಗೆ ಹಸಿರು ಕಟ್ಟಿದೆಯೇ ಎಂದು ನೋಡಿ.